ಮುಂದೆ ರೇಸ್ ಕಿಂಗ್ 2.2, ಹಿಂದೆ 45: ಗ್ರಾವೆಲ್ ರೇಸಿಗೆ ಎಂಟಿಬಿ ಟೈರ್ ಹಾಕಿ ಓಡಿಸಿದ ಮೇಲೆ

ಗ್ರಾವೆಲ್ ರೇಸಿಗೆ, ಅಂದರೆ ಜಲ್ಲಿ-ಮಣ್ಣು ರಸ್ತೆಯ ಸೈಕಲ್ ರೇಸಿಗೆ, ಮೌಂಟೇನ್ ಬೈಕ್ (ಎಂಟಿಬಿ) ಟೈರ್ ಹಾಕಬೇಕು ಅಂತಿದ್ದೀರಾ? ಟೈರ್ ಆಮೇಲೆ ನೋಡೋಣ. ಮೊದಲು ನಿಮ್ಮ ಫ್ರೇಮಿನ ಚೈನ್‌ಸ್ಟೇ (ಪೆಡಲಿನ ಕಡೆಯಿಂದ ಹಿಂದಿನ ಚಕ್ರದ ಎರಡೂ ಬದಿಗೆ ಹೋಗುವ ಕೊಳವೆ) ನಡುವಿನ ಸಂದು ಅಳೆದುಕೊಂಡು ಬನ್ನಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ನಾನು ಹಾಕಿಸಿದ್ದು ಕಾಂಟಿನೆಂಟಲ್ ಕಂಪನಿಯ ರೇಸ್ ಕಿಂಗ್ ಟೈರ್, 2.2 ಇಂಚಿನದು, ಪ್ರೊಟೆಕ್ಷನ್ ಕೇಸಿಂಗ್ (ರಬ್ಬರಿನಡಿಯ ಬಟ್ಟೆ ಪದರ). ತೂಕ, ರಬ್ಬರ್, ಲ್ಯಾಬ್ ಅಂಕಿಅಂಶ ಎಲ್ಲ ನೀವು ಈಗಾಗಲೇ ಓದಿರುತ್ತೀರಿ. ಥಂಡರ್ ಬರ್ಟ್, ಆಸ್ಪೆನ್, ಮೆಜ್ಕಲ್ ಅನ್ನುವ ಬೇರೆ ಎಂಟಿಬಿ ಟೈರುಗಳೂ ಪಟ್ಟಿಯಲ್ಲಿದ್ದವು. ಇವೆಲ್ಲ ಒಂದೇ ಜಾತಿ: ಗಿಡ್ಡ ನಾಬ್ (ಟೈರಿನ ಮೇಲಿನ ರಬ್ಬರ್ ಉಬ್ಬು), ಸುಲಭವಾಗಿ ಬಾಗುವ ಕೇಸಿಂಗ್. ಇವುಗಳಲ್ಲಿ ಯಾವುದು ಎರಡು ವ್ಯಾಟ್ ಉಳಿಸುತ್ತದೆ ಅಂತ ರಾತ್ರಿಯಿಡೀ ಕೂತು ಲೆಕ್ಕ ಹಾಕುವ ತಾಳ್ಮೆ ನನಗಿಲ್ಲ.

ವೇಗ ಸಿಗುತ್ತದೆ ಅಂತ ಗೊತ್ತಿತ್ತು. ಕೈಗೆ ಇಷ್ಟು ಸುಖ ಸಿಗುತ್ತದೆ ಅಂತ ಗೊತ್ತಿರಲಿಲ್ಲ. ಮುಂಚೆ ದೊಡ್ಡ ರೇಸಿನ ಕೊನೆಯ ಗಂಟೆಗಳಲ್ಲಿ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿಯುತ್ತಿದ್ದವು. ಗೇರ್ ಬದಲಿಸಲು ಕೈಯನ್ನೇ ತಿರುಗಿಸಬೇಕಿತ್ತು. ಈಗ ತಗಡಿನ ಹಾಗೆ ಅಲೆ ಅಲೆ ಎದ್ದ ರಸ್ತೆಯಲ್ಲೂ ಒಂದು ಕೈ ಬಿಟ್ಟು ಬಾಟಲಿ ತೆಗೆದು ನೀರು ಕುಡಿಯುತ್ತೇನೆ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಹೊತ್ತಿಗೆ ಸರಿಯಾಗಿ ನೀರು, ತಿಂಡಿ ಹೊಟ್ಟೆಗೆ ಹೋದರೆ ಕೊನೆಯ ಗಂಟೆ ಬೇರೆಯೇ ಥರ ಇರುತ್ತದೆ. ಟೈರ್ ಕೇಸಿಂಗ್ ಬಾಗುವಾಗ ಒಂದಷ್ಟು ಶಕ್ತಿ ಹೋಗುತ್ತದೆ ಸರಿ. ಒರಟು ನೆಲದಲ್ಲಿ ಇನ್ನೊಂದಷ್ಟು ಹೋಗುವುದು ನಮ್ಮ ಮೈ ಅಲುಗಾಡಿಸುವುದಕ್ಕೆ. ಕಡಿಮೆ ಗಾಳಿಯ ಅಗಲ ಟೈರ್ ಆ ಅಲುಗಾಟವನ್ನು ಮೊದಲೇ ನುಂಗಿಬಿಡುತ್ತದೆ. ನುಣ್ಣಗಿನ ಟಾರು ರಸ್ತೆಯಲ್ಲಿ ಮಾತ್ರ ನನಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸುಮ್ನೆ ಗುಂಯ್ ಅನ್ನುವ ಸದ್ದು, ಅಷ್ಟೇ.

ಇನ್ನೊಂದು ಖುಷಿ ಬೆಳಿಗ್ಗೆ ಗಾಳಿ ನೋಡುವ ಕೆಲಸ. ಮೊದಲು ಚಕ್ರ ಎತ್ತಿ ಮೆಲ್ಲಗೆ ತಿರುಗಿಸಿ ಕಿವಿ ಕೊಡುತ್ತೇನೆ. ಒಳಗೆ ಸೀಲಂಟ್ (ತೂತು ಮುಚ್ಚುವ ದ್ರವ) ಜುಳುಜುಳು ಅಂದರೆ ಸರಿ. ಏನೂ ಕೇಳಿಸದಿದ್ದರೆ ಒಣಗಿದೆ ಅಂತ ಅರ್ಥ, ಆವತ್ತೇ ತುಂಬಿಸಬೇಕು. ಆಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಗಾಳಿ ಹಾಕಿ, ಡಿಜಿಟಲ್ ಗೇಜ್ ಇಟ್ಟು ಪಿಸ್ ಪಿಸ್ ಅಂತ ಇಳಿಸುತ್ತಾ ಬರುತ್ತೇನೆ. ನನ್ನ ತೂಕಕ್ಕೆ ಮುಂದೆ 20 ಪಿಎಸ್ಐ ಆಸುಪಾಸು. 160ರ ತನಕ ಅಂಕಿ ಇರುವ ಪಂಪಿನ ಮುಳ್ಳನ್ನು ನಂಬಬೇಡಿ, 20ರ ಹತ್ತಿರ ಅದು ಹೇಳುವುದು ಬರೀ ಅಂದಾಜು. ಇಷ್ಟು ಅಗಲದ ಟೈರಿನಲ್ಲಿ ಎರಡು ಪಿಎಸ್ಐ ಹೆಚ್ಚುಕಡಿಮೆಯಾದರೂ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಕೊನೆಗೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಅದರಿಂದ ಏನೂ ತಿಳಿಯುವುದಿಲ್ಲ, ಆದರೂ ಒತ್ತದೆ ಹೊರಡಲು ಮನಸ್ಸು ಬರುವುದಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನ. ಈಗ ಹಿಂದಿನ ಚಕ್ರಕ್ಕೆ ಬರೋಣ.

ನನ್ನ ಫ್ರೇಮ್ ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ. 2.2 ಇಂಚು ಹಿಡಿಯುತ್ತದೆ ಅಂತ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲೇ ಇತ್ತು. ಹಿಡಿಯುತ್ತದೆ, ಸುಳ್ಳಲ್ಲ. ಬೈಕ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ನೆಲ ಒಣಗಿದ್ದಾಗ. 2.2 ಇಂಚು ಅಂದರೆ 56 ಮಿಲಿಮೀಟರ್. ನಿಜವಾದ ಅಗಲ ಎಷ್ಟು ಅನ್ನುವುದು ರಿಮ್ಮಿನ ಅಗಲವನ್ನು ಅವಲಂಬಿಸಿದೆ, ಜೊತೆಗೆ ಕೆಲವು ವಾರ ಓಡಿದ ಮೇಲೆ ಕೇಸಿಂಗ್ ಹಿಗ್ಗುತ್ತದೆ. ಮೊದಲೇ ಬಡಕಲಾಗಿದ್ದ ಸಂದು ಇನ್ನೂ ಕಿರಿದಾಯಿತು. ಆಮೇಲೆ ಟೈರಿಗೆ ಅಂಟಿದ ಒಂದೊಂದು ಹರಳೂ ಚೈನ್‌ಸ್ಟೇ ಒಳಬದಿಯನ್ನು ಕರಕರ ಕೆರೆಯತೊಡಗಿತು. ಬಣ್ಣ ಹೋಯಿತು, ಅದರಡಿಯ ಪದರವೂ ಹೋಯಿತು. ಈಗ ಅಲ್ಲಿ ಕಾರ್ಬನ್ ಕಾಣುತ್ತಿದೆ. ಕಂಪನಿಗೆ ಬರೆದರೆ 'ಇದು ಸಹಜ ಸವೆತ' ಅಂತ ಒಂದು ಸಾಲಿನ ಉತ್ತರ. ಟೈರ್ ಹಿಡಿಯುತ್ತದೆ ಅಂದಮೇಲೆ ತಿರುಗಲೂ ಬಿಡಬೇಕು, ಅಲ್ವಾ?

ಕೆಸರಾದರೆ ಇನ್ನೂ ಕಷ್ಟ. 2023ರಲ್ಲಿ ಕನ್ಸಾಸಿನ ಅನ್‌ಬೌಂಡ್ ರೇಸಿನಲ್ಲಿ ಶುರುವಿನಲ್ಲೇ ಸಿಕ್ಕ ಕೆಸರಿಗೆ ಚಕ್ರಗಳೇ ನಿಂತುಹೋಗಿ ಜನ ಬೈಕ್ ಹೊತ್ತು ನಡೆದರು. ಸಂದಿನಲ್ಲಿ ಮಣ್ಣು ತುಂಬಿಕೊಂಡರೆ ಎಂಥ ವೇಗದ ಟೈರ್ ಇದ್ದು ಏನು ಪ್ರಯೋಜನ?

ಬೇಜಾರಿನ ಸಂಗತಿ ಅಂದರೆ ಸವಾರನ ಭಾರ ಜಾಸ್ತಿ ಬೀಳುವುದು ಹಿಂದಿನ ಚಕ್ರದ ಮೇಲೆ. ಅಗಲ ಟೈರಿನ ಲಾಭ ಹೆಚ್ಚು ಬೇಕಾಗಿದ್ದು ಅಲ್ಲಿಗೇ. ಜಾಗ ಇರುವುದು ಮಾತ್ರ ಮುಂದಿನ ಫೋರ್ಕಿನಲ್ಲಿ! ಹೊಸ ಫ್ರೇಮ್ ಕೊಳ್ಳುವ ಯೋಗ್ಯತೆ ನನ್ನ ಜೇಬಿಗಿಲ್ಲ. ಅದಕ್ಕೇ ಮುಂದೆ ರೇಸ್ ಕಿಂಗ್ ಉಳಿಸಿಕೊಂಡು ಹಿಂದೆ 45 ಮಿಲಿಮೀಟರಿನ ಗ್ರಾವೆಲ್ ಟೈರಿಗೆ ವಾಪಸ್ ಬಂದೆ.

ಈ ಜೋಡಿಗೂ ಅದರದೇ ಕಿರಿಕಿರಿ ಇದೆ. ಮುಂದಿನ ಚಕ್ರ ಸುಮಾರು ಒಂದು ಸೆಂಟಿಮೀಟರ್ ಎತ್ತರವಾಗಿ, ಹೆಡ್ ಆಂಗಲ್ (ಹ್ಯಾಂಡಲ್, ಫೋರ್ಕ್ ಓರೆಯಾಗಿ ನಿಂತ ಕೋನ) ಅರ್ಧ ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ಅದು ಒಳ್ಳೆಯದೇ. ನಿಧಾನದ ಯೂ ಟರ್ನ್‌ನಲ್ಲಿ ಮಾತ್ರ ಶೂ ತುದಿ ಟೈರಿಗೆ ತಾಗುತ್ತದೆ. ನನ್ನ ಸಣ್ಣ ಅಳತೆಯ ಫ್ರೇಮಿನಲ್ಲಿ ಇದು ಚೆನ್ನಾಗೇ ಗೊತ್ತಾಗುತ್ತದೆ. ಎರಡೂ ಕಡೆ 2.2 ಇದ್ದಾಗ ಗೇರ್ ಕೂಡ ಸುಮಾರು ಶೇಕಡಾ 3ರಷ್ಟು ಭಾರವಾಗಿತ್ತು. ಚಕ್ರದ ಸುತ್ತಳತೆ ಅಷ್ಟು ಹೆಚ್ಚುತ್ತದೆ. ಕಡಿದಾದ ಏರಿನಲ್ಲಿ ಕಾಲಿಗೆ ಅದು ತಿಳಿಯುತ್ತಿತ್ತು.

ನಿಮ್ಮ ಫ್ರೇಮಿನಲ್ಲಿ ಟೈರ್ ಹಿಗ್ಗಿದ ಮೇಲೂ ಎರಡೂ ಬದಿ ಐದಾರು ಮಿಲಿಮೀಟರ್ ಉಳಿಯುವುದಾದರೆ ಯೋಚನೆ ಮಾಡದೆ ಎರಡೂ ಕಡೆ ಹಾಕಿ. ಇಲ್ಲದಿದ್ದರೆ ಮುಂದೆ ಮಾತ್ರ. ನಾನಂತೂ ಇದು ಸವೆದರೆ ಮತ್ತೆ ರೇಸ್ ಕಿಂಗನ್ನೇ ಹಾಕುತ್ತೇನೆ. ಹಿಂದಕ್ಕೆ ಅಂತ ಕೊಂಡಿದ್ದು ಹೆಚ್ಚು ಸವೆಯದೆ ಗೋಡೆಯ ಮೊಳೆಗೆ ನೇತಾಡುತ್ತಿದೆ, ಹೊಸದು ತರುವ ಖರ್ಚೂ ಸದ್ಯಕ್ಕಿಲ್ಲ.