ಬ್ಲೇಡ್ ಸರಿಸುವುದಾ, ಇನ್‌ಸೋಲ್ ಹಾಕುವುದಾ?

ಫಿಗರ್ ಸ್ಕೇಟಿಂಗ್‌ನಲ್ಲಿ ಒಂಟಿ ಕಾಲಲ್ಲಿ ನೇರ ಜಾರಲು ಹೋದರೆ ಸ್ಕೇಟ್ ಒಳಗಡೆಗೇ ಎಳೆಯುತ್ತಿದೆಯಾ? ಮೊದಲು ಸಾಣೆ ನೋಡಿ. ಬ್ಲೇಡಿನ ಎರಡು ಅಂಚುಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಡಿ. ಅದು ಓರೆಯಾಗಿ ಕೂತರೆ ಒಂದು ಅಂಚು ಎತ್ತರ ಇದೆ. ಸರಿಯಾಗಿ ಸಾಣೆ ಹಿಡಿಸಿ, ಮತ್ತೆ ಜಾರಿ ನೋಡಿ. ಕಣಕಾಲಿನ ಹತ್ತಿರ ಬೂಟು ಮೆತ್ತಗಾಗಿ ಮಡಚಿಕೊಳ್ಳುತ್ತಿದ್ದರೆ ಬೂಟನ್ನೇ ಬದಲಿಸಬೇಕು.

ಇವೆರಡೂ ಸರಿಯಿದ್ದರೆ ಮಾತ್ರ ಮುಂದಿನ ಆಯ್ಕೆ: ಬೂಟಿನಡಿ ಬ್ಲೇಡಿನ ಜಾಗ ಸರಿಸುವುದಾ, ಬೂಟಿನೊಳಗೆ ಪಾದದಡಿ ಇಡುವ ಇನ್‌ಸೋಲ್ ಹಾಕುವುದಾ?

ಬ್ಲೇಡ್ ಸರಿಸುವುದು ಬೇಗ ಆಗುವ ಕೆಲಸ, ಖರ್ಚೂ ಕಡಿಮೆ. ಬೂಟಿನ ಸೋಲ್‌ಗೆ ತಾಗಿ ಕೂರುವ ಬ್ಲೇಡಿನ ತಟ್ಟೆಯಲ್ಲಿ ಉದ್ದನೆಯ ತೂತುಗಳಿರುತ್ತವೆ. ಅಲ್ಲಿ ಕೆಲವೇ ಸ್ಕ್ರೂ ಹಾಕಿ, ಐಸ್ ಮೇಲೆ ಜಾರಿ ನೋಡಿ, ಸರಿಯೆನಿಸಿದ ಮೇಲೆ ಉಳಿದ ಸ್ಕ್ರೂ ಬಿಗಿಯುತ್ತಾರೆ. ಒಳಕ್ಕೆ ವಾಲುವವರಿಗೆ ಬ್ಲೇಡನ್ನೂ ಒಳಕ್ಕೇ ಸರಿಸುತ್ತಾರೆ. ಉಲ್ಟಾ ಅನ್ನಿಸುತ್ತದೆ, ಅಲ್ವಾ? ಆದರೆ ಭಾರ ಬೀಳುವ ಕಡೆಗೇ ಆಸರೆ ಹೋಗಬೇಕು. ಒಂದೆರಡು ಮಿಲಿಮೀಟರ್ ಸರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಎರಡೂ ಕಾಲಿಗೆ ಒಂದೇ ಅಳತೆ ಇರಬೇಕೆಂದಿಲ್ಲ. ಸುಮ್ನೆ ಪದೇಪದೇ ಹೊಸ ತೂತು ಕೊರೆಸಬೇಡಿ, ಸೋಲ್ ಹಿಡಿತ ಕಳೆದುಕೊಳ್ಳುತ್ತದೆ.

ಬರಿಗಾಲಲ್ಲಿ ನಿಂತಾಗಲೇ ಕಣಕಾಲು ಒಳಕ್ಕೆ ವಾಲುತ್ತದೆಯೇ? ಆಗ ಬ್ಲೇಡ್ ಸರಿಸಿದರೂ ಬೂಟಿನೊಳಗೆ ಪಾದ ಕುಸಿಯುವುದು ನಿಲ್ಲುವುದಿಲ್ಲ. ಇಂಥವರಿಗೆ ಇನ್‌ಸೋಲ್ ಒಳ್ಳೆಯದು. ಪಾದದ ಅಳತೆಗೆ ಮಾಡಿಸಿದರೆ ಬೆಲೆ ಜಾಸ್ತಿ, ಬೂಟಿನೊಳಗೆ ಜಾಗವೂ ಬೇಕು. ಹೊಸ ಬೂಟಿಗೆ ಅಳತೆ ಕೊಡುವಾಗಲೇ ಅದನ್ನು ಜೊತೆಗೆ ಒಯ್ಯಿರಿ.

ಎರಡೂ ಬೇಕೆನಿಸಿದರೆ ಇನ್‌ಸೋಲ್ ಮೊದಲು ಹಾಕಿಸಿ ಎನ್ನುತ್ತೇನೆ. ಪಾದ ಕೂರುವ ರೀತಿ ಬದಲಾದರೆ ಬ್ಲೇಡಿನ ಜಾಗವೂ ಬದಲಾಗುತ್ತದೆ.