ಇಸವಿ ಅಳಿಸಿಹೋಗಿರೋ ನಾಣ್ಯಕ್ಕೆ ಆಸಿಡ್ ಹಾಕೋ ಮುಂಚೆ ಇದನ್ನ ಓದಿ

ಹಳೇ ನಾಣ್ಯ ಕೂಡಿಡೋರು ಯಾರಾದ್ರೂ, ಸವೆದುಹೋದ ಇಸವಿನ ಕೆಮಿಕಲ್ ಹಾಕಿ ವಾಪಸ್ ತರಿಸಬಹುದಂತೆ ಅಂತ ಕೇಳಿ ಬಾಟಲಿ ತರೋಕೆ ಹೊರಟಿದ್ರೆ ದಯವಿಟ್ಟು ಒಂದು ನಿಮಿಷ ನಿಲ್ಲಿ. ನಾನು ನಿಲ್ಲಲಿಲ್ಲ. ನಮ್ಮ ಚಿಕ್ಕಪ್ಪ ವರ್ಷಗಟ್ಟಲೆ ಜೋಪಾನ ಮಾಡಿಟ್ಟಿದ್ದ ನಾಣ್ಯಗಳನ್ನ ನನ್ನ ಕೈಯಾರೆ ಹಾಳು ಮಾಡಿದೀನಿ, ಅದಕ್ಕೇ ಬರೀತಿದೀನಿ.

ಚಿಕ್ಕಪ್ಪನ ಡಬ್ಬಿಯಲ್ಲಿ ಅಮೆರಿಕದ ಬಫಲೋ ನಿಕಲ್ ಮೂವತ್ತು ಚಿಲ್ಲರೆ ಇದ್ವು. ಗೊತ್ತಿಲ್ದೋರಿಗೆ ಹೇಳ್ತೀನಿ, ಇವು 1913ರಿಂದ 1938ರವರೆಗೆ ಬಂದ 5 ಸೆಂಟ್ ನಾಣ್ಯಗಳು, ಒಂದು ಕಡೆ ಅಮೆರಿಕದ ಮೂಲನಿವಾಸಿಯ ಮುಖ, ಇನ್ನೊಂದು ಕಡೆ ಕಾಡೆಮ್ಮೆ. ಇಸವಿ ಇರೋದು ಆ ಮನುಷ್ಯನ ಭುಜದ ಮೇಲೆ, ಅದೂ ಉಬ್ಬಿರೋ ಜಾಗದಲ್ಲೇ, ಹಾಗಾಗಿ ಕೈಯಿಂದ ಕೈಗೆ ಓಡಾಡ್ತಾ ಮೊದಲು ಸವೆಯೋದೇ ಅದು. ಡಬ್ಬಿಯಲ್ಲಿದ್ದವುಗಳಲ್ಲಿ ಅರ್ಧಕ್ಕರ್ಧ ಇಸವಿನೇ ಇರಲಿಲ್ಲ, ಭುಜ ನುಣ್ಣಗಾಗಿಬಿಟ್ಟಿತ್ತು.

ನಾನು ಹಾಕಿದ್ದು ಫೆರಿಕ್ ಕ್ಲೋರೈಡ್, ಇಲ್ಲಿ ಆಸಿಡ್ ಅಂತಿರೋದು ಇದನ್ನೇ. ಸರ್ಕ್ಯೂಟ್ ಬೋರ್ಡ್ ಮೇಲಿನ ತಾಮ್ರ ಕರಗಿಸೋಕೆ ಬಳಸ್ತಾರಲ್ಲ, ಅದೇ. ಈ ನಾಣ್ಯದಲ್ಲಿ 75 ಭಾಗ ತಾಮ್ರ, 25 ಭಾಗ ನಿಕಲ್. ಅಚ್ಚು ಬಿದ್ದಾಗ ಅಂಕಿಯ ಅಡಿಯಲ್ಲಿರೋ ಲೋಹ ಅಕ್ಕಪಕ್ಕದ್ದಕ್ಕಿಂತ ಬೇರೆ ಥರ ಒತ್ತಿಕೊಂಡಿರತ್ತೆ, ಮೇಲಿಂದ ಅಂಕಿ ಸವೆದುಹೋದ್ರೂ ಆ ವ್ಯತ್ಯಾಸ ಒಳಗೆ ಉಳಿದಿರತ್ತೆ, ದ್ರಾವಣ ಎರಡನ್ನೂ ಒಂದೇ ಸಮ ತಿನ್ನಲ್ಲ, ಅದಕ್ಕೇ ಅಂಕಿ ಕಾಣಿಸೋದು. ಇಸವಿ ವಾಪಸ್ ಬಂತು ಅಂತ ನಾವು ಖುಷಿಪಡ್ತೀವಿ, ಆದ್ರೆ ಬಂದಿರೋದೇನೂ ಇಲ್ಲ, ಇದ್ದ ಲೋಹ ಇನ್ನಷ್ಟು ಹೋಗಿರತ್ತೆ ಅಷ್ಟೆ.

ಮೊದಲನೇ ನಾಣ್ಯಕ್ಕೆ ಒಂದು ಹನಿ ಬಿಟ್ಟು ಕಾದೆ. ಸ್ವಲ್ಪ ಹೊತ್ತಿಗೆ ಮಸುಕು ಮಸುಕಾಗಿ 1913 ಅಂತ ಮೂಡಿತು. ಹಿಂಬದಿಯಲ್ಲಿ ಮಿಂಟ್ ಮಾರ್ಕ್ (ಯಾವ ಟಂಕಸಾಲೆಯದ್ದು ಅಂತ ತೋರಿಸೋ ಅಕ್ಷರ) ನೋಡಿದ್ರೆ ಎಸ್, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ. ಆ ಸಂತೋಷದಲ್ಲಿ ಮಿಕ್ಕ ಹಲವು ನಾಣ್ಯಗಳಿಗೂ ಹನಿ ಹಾಕ್ತಾ ಹೋದೆ. ಬಹುಪಾಲು ಬಂದಿದ್ದು 1920, ಆ ವರ್ಷ ಫಿಲಡೆಲ್ಫಿಯಾ ಟಂಕಸಾಲೆ ಒಂದರಲ್ಲೇ 6 ಕೋಟಿ 30 ಲಕ್ಷ ನಾಣ್ಯ ಅಚ್ಚಾಗಿತ್ತು, ಏನೂ ವಿಶೇಷ ಇಲ್ಲ.

ಆಮೇಲೆ ಆ 1913ನ್ನ ನಾಣ್ಯದ ವಿಷಯ ಚೆನ್ನಾಗಿ ಬಲ್ಲ ಹಿರಿಯರೊಬ್ರಿಗೆ ತೋರಿಸಿದೆ. ಭುಜದ ಹತ್ರ ಬೆಳ್ಳಗೆ ಒರಟಾಗಿದ್ದ ಕಲೆ ಕಂಡ ತಕ್ಷಣ ಅವರ ಮುಖ ಸಪ್ಪಗಾಯ್ತು. ತಿರುಗಿಸಿ ನೋಡಿ, "ಇದರ ಇಸವಿ ಹಿಂಬದಿಯಲ್ಲೇ ಇತ್ತಲ್ಲಪ್ಪಾ, ಆಸಿಡ್ ಯಾಕೆ ಹಾಕ್ದೆ?" ಅಂದ್ರು.

ನನಗೆ ಅರ್ಥವೇ ಆಗಲಿಲ್ಲ. ಅವರೇ ವಿವರಿಸಿದ್ರು. 1913ರಲ್ಲಿ ಮೊದಲು ಬಂದ ನಾಣ್ಯಗಳಲ್ಲಿ ಕಾಡೆಮ್ಮೆ ಒಂದು ಸಣ್ಣ ದಿಬ್ಬದ ಮೇಲೆ ನಿಂತಿರತ್ತೆ, ಫೈವ್ ಸೆಂಟ್ಸ್ ಅನ್ನೋ ಅಕ್ಷರ ಆ ದಿಬ್ಬದ ಮೇಲೇ ಉಬ್ಬಾಗಿ ಇರತ್ತೆ. ಅದು ಬೇಗ ಸವೆಯುತ್ತೆ ಅಂತ ಅದೇ ವರ್ಷ ದಿಬ್ಬ ತೆಗೆದು ಸಪಾಟು ಗೆರೆ ಮಾಡಿ, ಅಕ್ಷರನ ಅದರ ಕೆಳಗೆ ತಗ್ಗಲ್ಲಿ ಕೂರಿಸಿದ್ರು. ಅಂದ್ರೆ ದಿಬ್ಬ ಇದ್ರೆ ಅದು 1913ನೇ ಇಸವಿಯದ್ದೇ, ಬೇರೆ ಸಾಧ್ಯತೆನೇ ಇಲ್ಲ. ನನ್ನ ನಾಣ್ಯದಲ್ಲಿ ದಿಬ್ಬ ಸ್ಪಷ್ಟವಾಗಿತ್ತು, ಎಸ್ ಕೂಡ ಇತ್ತು. ಆ ಥರದ್ದು ಆಗ ಅಚ್ಚಾಗಿದ್ದೇ 21 ಲಕ್ಷ. ಎಷ್ಟೇ ಸವೆದಿದ್ರೂ ಅದೊಂದು ಪ್ರಾಮಾಣಿಕ ನಾಣ್ಯ ಆಗಿತ್ತು. ಈಗ ಗ್ರೇಡಿಂಗ್ ಮಾಡೋರ (ನಾಣ್ಯದ ಸ್ಥಿತಿ ನೋಡಿ ದರ್ಜೆ ಕೊಡೋರ) ಕಣ್ಣಲ್ಲಿ ಅದು ಹಾನಿಯಾದ ಪೀಸ್. ಆ ರಾತ್ರಿ ನಿದ್ದೆ ಬರಲಿಲ್ಲ ನನಗೆ, ದುಡ್ಡಿನ ವಿಷಯ ಅಲ್ಲ, ಚಿಕ್ಕಪ್ಪ ಅದನ್ನ ಬೇರೆ ಕಾಗದದಲ್ಲಿ ಸುತ್ತಿಟ್ಟಿದ್ದು ಯಾಕೆ ಅಂತ ಆಗ ಹೊಳೆದಿದ್ದು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸ್ಟ್ಯಾಂಡಿಂಗ್ ಲಿಬರ್ಟಿ (ನಿಂತಿರೋ ಸ್ವಾತಂತ್ರ್ಯ ದೇವಿ) ಅನ್ನೋ ಕಾಲು ಡಾಲರ್ ಒಂದಿತ್ತು, ಅದರಲ್ಲೂ ಇಸವಿ ಸವೆದಿತ್ತು (ಅದರ ಇಸವಿ ಬೇಗ ಅಳಿಸುತ್ತೆ ಅಂತಾನೇ 1925ರಿಂದ ತಗ್ಗಲ್ಲಿ ಹಾಕೋಕೆ ಶುರು ಮಾಡಿದ್ದು). ಅದಕ್ಕೂ ಹನಿ ಬಿಟ್ಟೆ. ಅದು 90 ಭಾಗ ಬೆಳ್ಳಿ! ಬೆಳ್ಳಿ ಮೇಲೆ ಈ ದ್ರಾವಣ ಬಿದ್ರೆ ಸಿಲ್ವರ್ ಕ್ಲೋರೈಡ್ ಪೊರೆ ಕಟ್ಟತ್ತೆ, ಬೆಳಕಿಗೆ ಕಪ್ಪಾಗತ್ತೆ. ಇಸವಿ ಬರಲಿಲ್ಲ, ಕಪ್ಪು ಕಲೆ ಉಳೀತು. ಇದೇ ಥರದ, ಬರೀ 52,000 ಅಚ್ಚಾದ 1916ರ ನಾಣ್ಯನ ಇಸವಿ ಇಲ್ದಿದ್ರೂ ದೇವಿಯ ಕೂದಲು, ಬಟ್ಟೆಯ ಮಡಿಕೆಗಳ ವ್ಯತ್ಯಾಸ ನೋಡಿ ಗುರುತಿಸ್ತಾರೆ ಅಂತ ಆಮೇಲೆ ತಿಳೀತು.

ಆಲ್ಬಮ್‌ನಲ್ಲಿ ಖಾಲಿ ಜಾಗ ತುಂಬಿಸೋಕೆ ಅಂತ, ಬೆಲೆ ಇಲ್ಲದ ನಾಣ್ಯಕ್ಕೆ ಗೊತ್ತಿದ್ದೇ ಹಾಕೋರು ಇದ್ದಾರೆ, ಅವರ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಮೊದಲು ತಿರುಗಿಸಿ ನೋಡಿ, ದಿಬ್ಬ ಇದೆಯಾ, ಮಿಂಟ್ ಮಾರ್ಕ್ ಡಿ (ಡೆನ್ವರ್) ಅಥವಾ ಎಸ್ ಇದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ, ಬಲ್ಲವರಿಗೆ ತೋರಿಸಿ. 1926ರ ಎಸ್ ಬಫಲೋ ನಿಕಲ್ ಥರ 9 ಲಕ್ಷ 70 ಸಾವಿರ ಮಾತ್ರ ಬಂದ ಅಪರೂಪದ್ದೇ ಸಿಕ್ಕಿದ್ರೂ, ಆಸಿಡ್‌ನಿಂದ ತರಿಸಿದ ಇಸವಿಗೆ ಸಹಜವಾಗಿ ಉಳಿದ ಇಸವಿಯ ಬೆಲೆ ಹತ್ತಿರಕ್ಕೂ ಬರಲ್ಲ.

ಕೊಳ್ಳೋರೂ ಹುಷಾರು. ಇಸವಿಯ ಸುತ್ತ ಮಾತ್ರ ಬಣ್ಣ ಬೇರೆ, ಮೈ ತರಿತರಿ, ಮಿಕ್ಕ ನಾಣ್ಯ ನುಣುಪು ಅಂದ್ರೆ ಅನುಮಾನ ಪಡಿ. ಫೋಟೋದಲ್ಲಿ ಅದು ಸರಿಯಾಗಿ ಕಾಣಲ್ಲ, ಬೆಳಕಿಗೆ ಓರೆಯಾಗಿ ಹಿಡಿದಿರೋ ಫೋಟೋ ಕೇಳಿ ಪಡೀರಿ.

ಮತ್ತೆ ಆ ಬಾಟಲಿ ಮನೇಲಿದ್ರೆ ಮಕ್ಕಳ ಕೈಗೆ ಸಿಗದ ಹಾಗಿಡಿ, ಕಣ್ಣಿಗೆ ಬಿದ್ರೆ ತುಂಬಾ ಅಪಾಯ, ಚರ್ಮ ಬಟ್ಟೆ ಎಲ್ಲ ಕಂದು ಕಲೆ ಮಾಡತ್ತೆ. ಸಿಂಕ್‌ಗೆ ಸುರೀಬೇಡಿ, ಲೋಹದ ಪೈಪ್ ತಿನ್ನತ್ತೆ, ಬಳಸಿದ್ದರಲ್ಲಿ ಕರಗಿದ ತಾಮ್ರ ಬೇರೆ ಇರತ್ತೆ. ಅಪಾಯಕಾರಿ ತ್ಯಾಜ್ಯ ತಗೊಳ್ಳೋ ಕಡೆ ಕೊಡಿ. ನನ್ನ ಬಾಟಲಿನ ಹಾಗೇ ಕೊಟ್ಟುಬಂದೆ. ಡಬ್ಬಿಯಲ್ಲಿ ಹನಿ ಬೀಳದೆ ಉಳಿದವು ಇನ್ನೂ ಹನ್ನೆರಡು ನಾಣ್ಯ ಇವೆ, ಒಂದೊಂದನ್ನೇ ತಿರುಗಿಸಿ ನೋಡ್ತಿದೀನಿ.