ಹೊಸ ರೈಡ್ ಹೋರ್ಡಿಂಗ್ ನೋಡಿ ಫಾಸ್ಟ್ ಟ್ರ್ಯಾಕ್ ತಗೋಳೋ ಮುಂಚೆ ಇದನ್ನ ಓದಿ, ನಮ್ಮ ಹತ್ರ ದುಡ್ಡು ಕಿತ್ಕೊಂಡಿದ್ದು ಹೀಗೆ

ರಜೆಗೆ ಮಕ್ಕಳನ್ನ ಕರ್ಕೊಂಡು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗೋ ಪ್ಲಾನ್ ಇರೋರು ದಯವಿಟ್ಟು ಪೂರ್ತಿ ಓದಿ. ಕಂಪ್ಲೇಂಟ್ ಇನ್ನೂ ನಡೀತಿರೋದ್ರಿಂದ ಪಾರ್ಕಿನ ಹೆಸರು ಬರೀತಿಲ್ಲ, ಊರೂ ಹೇಳಲ್ಲ. ವಿಷಯ ಇಷ್ಟೇ, ಕೆಟ್ಟು ನಿಂತಿರೋ ರೈಡನ್ನ ತೋರಿಸಿ, ಅದು ನಿಂತಿದೆ ಅಂತ ಚೆನ್ನಾಗಿ ಗೊತ್ತಿದ್ದೂ, ನಮ್ಮ ಹತ್ರ ಫಾಸ್ಟ್ ಟ್ರ್ಯಾಕ್ (ಜಾಸ್ತಿ ದುಡ್ಡು ಕೊಟ್ಟು ಉದ್ದ ಕ್ಯೂ ತಪ್ಪಿಸ್ಕೊಂಡು ಹೋಗೋ ಟಿಕೆಟ್) ದುಡ್ಡು ತಗೊಂಡ್ರು. ಕೇಳಿದ್ರೆ ಸೇಫ್ಟಿ ಅಂದ್ರು. ಆ ಸೇಫ್ಟಿ ಅನ್ನೋ ಮಾತು ಕೇಳಿನೇ ನನಗೆ ಇನ್ನೂ ಮೈ ಉರೀತಿರೋದು.

ನಾನು ಪಾರ್ಕ್ ಹುಚ್ಚ. ಬಿಡದಿಯಲ್ಲಿ 2005ರಲ್ಲಿ ವಂಡರ್‌ಲಾ ಶುರುವಾದಾಗಿಂದ ಹತ್ತಿದ ಹುಚ್ಚು ಇದು. ಖೋಪೋಲಿಯ ಇಮ್ಯಾಜಿಕಾದಲ್ಲಿ ನೈಟ್ರೋ ಹತ್ತೋಕೆ ಅಂತಾನೇ ರಾತ್ರಿ ಬಸ್ಸಲ್ಲಿ ಹೋಗಿದ್ದೀನಿ, ಕಾಲಿಗೆ ಆಧಾರ ಇಲ್ದೆ ಕೂರಿಸ್ಕೊಂಡು ಹೋಗೋ ಸ್ವಿಸ್ ಕಂಪನಿ ರೋಲರ್ ಕೋಸ್ಟರ್ ಅದು, ಅದನ್ನ ಹತ್ತಿ ಇಳಿದ ಮೇಲೆ ಪ್ರಯಾಣದ ಆಯಾಸ ಯಾವನಿಗೆ ನೆನಪಿರುತ್ತೆ ಹೇಳಿ. ಚೆನ್ನೈ ವಂಡರ್‌ಲಾ 2025ರ ಡಿಸೆಂಬರಲ್ಲಿ ಓಪನ್ ಆದಾಗ ಅಲ್ಲಿಗೆ ಬಂದಿರೋ, ಹಳಿ ಕೆಳಗೆ ನೇತಾಡ್ಕೊಂಡು ಹೋಗೋ ಕೋಸ್ಟರ್ ಬಗ್ಗೆ ಮನೇಲಿ ಎಷ್ಟು ತಲೆ ತಿಂದಿದ್ದೀನಿ ಅಂದ್ರೆ ಅಮ್ಮನಿಗೂ ಅದರ ಹೆಸರು ಬಾಯಿಪಾಠ. ನೆಂಟರಿಷ್ಟರಲ್ಲಿ ಯಾರೇ ಪಾರ್ಕಿಗೆ ಹೊರಟ್ರೂ ಮೊದ್ಲು ಫೋನ್ ಬರೋದು ನನಗೆ, ಯಾವ ದಿನ ರಶ್ ಇರಲ್ಲ, ಯಾವ ರೈಡ್ ಮೊದ್ಲು ಹತ್ತಬೇಕು, ಊಟ ಎಷ್ಟೊತ್ತಿಗೆ ಮುಗಿಸ್ಬೇಕು ಅಂತ. ಅಂಥ ನನ್ನ ಕಣ್ಣಿಗೇ ಮಣ್ಣೆರಚಿದ್ದಾರೆ ಅಂದ್ರೆ ವರ್ಷಕ್ಕೊಂದ್ಸಲ ಹೋಗೋ ಫ್ಯಾಮಿಲಿಗಳ ಗತಿ ಏನು.

ನಾವು ಹೋಗಿದ್ದು ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಮತ್ತು ನಾನು. ಆ ಪಾರ್ಕಿನೋರು ಹೊಸ ಕೋಸ್ಟರ್ ಹಾಕಿದ್ದಾರೆ ಅಂತ ಹೈವೇ ಉದ್ದಕ್ಕೂ ಹೋರ್ಡಿಂಗು, ಇನ್‌ಸ್ಟಾದಲ್ಲಿ ದಿನಾ ರೀಲ್ಸು. ಅಕ್ಕನ ಮಗಳು ಹೋದ ವರ್ಷ ಒಂದು ಚೂರು ಎತ್ತರ ಕಮ್ಮಿ ಇದ್ದಾಳೆ ಅಂತ ದೊಡ್ಡ ರೈಡಿಗೆ ಬಿಟ್ಟಿರಲಿಲ್ಲ. ಆವತ್ತಿಂದ ಮನೆ ಬಾಗಿಲ ಚೌಕಟ್ಟಲ್ಲಿ 140 ಸೆಂಟಿಮೀಟರಿಗೆ ಪೆನ್ಸಿಲ್ ಗೆರೆ ಹಾಕ್ಕೊಂಡು, ಸ್ಕೂಲಿಂದ ಬಂದೋಳೇ ಶೂ ಬಿಚ್ಚಿ ಅಲ್ಲಿ ನಿಂತು ನೋಡ್ತಿದ್ಲು. ತಲೆ ಗೆರೆ ದಾಟಿದ ದಿನ ನನಗೆ ವಿಡಿಯೋ ಕಾಲ್ ಮಾಡಿ "ಮಾಮ, ಈಗ ಕರ್ಕೊಂಡ್ ಹೋಗ್ತೀಯಾ" ಅಂದ್ಲು. ಆಯ್ತು ಪುಟ್ಟಿ ಅಂದೆ.

ಫಾಸ್ಟ್ ಟ್ರ್ಯಾಕ್ ಯಾಕೆ ತಗೊಂಡ್ವಿ ಅಂತ ಕೆಲವರು ಕೇಳ್ತಾರೆ. ಶನಿವಾರ ಬಿಟ್ರೆ ಭಾವನಿಗೆ ರಜೆ ಸಿಗಲ್ಲ. ಶನಿವಾರದ ಕ್ಯೂ ಅಂದ್ರೆ ಎಲ್ಲರಿಗೂ ಗೊತ್ತು. ಅದರಲ್ಲೂ ಕೋಸ್ಟರ್ ಕ್ಯೂ ಬೇಗ ಕರಗಲ್ಲ. ಬೂಮರಾಂಗ್ ಥರದ ಕೋಸ್ಟರ್ ಇದ್ರೆ ಒಂದೇ ಟ್ರೈನು, ಒಂದ್ಸಲಕ್ಕೆ 28 ಜನ, ಅದು ಮುಂದೆ ಹೋಗಿ ಹಿಂದಕ್ಕೆ ಬಂದು ನಿಂತು ಜನ ಇಳಿಯೋವರೆಗೂ ಇನ್ನೊಂದು ಬಿಡೋ ಹಾಗೇ ಇಲ್ಲ. ದೊಡ್ಡ ಕೋಸ್ಟರಾದ್ರೆ ಎರಡು ಟ್ರೈನ್ ಓಡಿಸಬಹುದು, ಆದ್ರೆ ನಮ್ಮಲ್ಲಿ ಎಷ್ಟೋ ಪಾರ್ಕಲ್ಲಿ ಜನ ತುಂಬಿ ತುಳುಕ್ತಿದ್ರೂ ಒಂದನ್ನ ಶೆಡ್ಡಲ್ಲೇ ಇಟ್ಟಿರ್ತಾರೆ, ಕ್ಯೂ ಬೆಳೀಲಿ, ಜನ ಫಾಸ್ಟ್ ಟ್ರ್ಯಾಕ್ ತಗೊಳ್ಲಿ ಅಂತಾನೇ ಹಾಗೆ ಮಾಡ್ತಾರೋ ಏನೋ ಅಂತ ನನಗೆ ಮೊದ್ಲಿಂದಲೂ ಅನುಮಾನ. ಸಾಮಾನ್ಯ ಟಿಕೆಟಿಗೂ ಫಾಸ್ಟ್ ಟ್ರ್ಯಾಕಿಗೂ ಹತ್ರ ಹತ್ರ ಡಬಲ್ ವ್ಯತ್ಯಾಸ. ಮೊದಲ ಪೇಜಲ್ಲಿ ತೋರಿಸೋ ರೇಟೇ ಬೇರೆ, ದುಡ್ಡು ಕಟ್ಟೋ ಪೇಜಿಗೆ ಬರೋ ಹೊತ್ತಿಗೆ ಜಿಎಸ್‌ಟಿ ಸೇರ್ಕೊಂಡಿತ್ತು, ಕನ್ವೀನಿಯನ್ಸ್ ಫೀ ಸೇರ್ಕೊಂಡಿತ್ತು. 2018ರ ಜನವರಿಯಲ್ಲಿ ಪಾರ್ಕ್ ಟಿಕೆಟ್ ಮೇಲಿನ ಜಿಎಸ್‌ಟಿನ 28ರಿಂದ 18 ಪರ್ಸೆಂಟಿಗೆ ಇಳಿಸಿದ್ರು, ಆಗ ಇನ್ಮೇಲೆ ಮಧ್ಯಮ ವರ್ಗದೋರು ಆರಾಮಾಗಿ ಹೋಗಬಹುದು ಅಂತ ಖುಷಿ ಪಟ್ಟಿದ್ದೆ. ಈಗ ನೋಡಿದ್ರೆ ಐದು ಜನಕ್ಕೆ ಟಿಕೆಟ್, ಈಜುಡುಗೆ, ಲಾಕರ್, ಊಟ, ಪಾರ್ಕಿಂಗ್ ಎಲ್ಲಾ ಸೇರಿ ಒಂದು ಪುಟ್ಟ ಟ್ರಿಪ್ಪಿನ ದುಡ್ಡು. ಹೋಗ್ಲಿ, ಮಕ್ಕಳ ಖುಷಿ ಮುಖ್ಯ ಅಂತ ಕಟ್ಟಿದ್ವಿ. ಬುಕ್ ಮಾಡೋವಾಗ ಫಾಸ್ಟ್ ಟ್ರ್ಯಾಕ್ ಅನ್ನೋದರ ಪಕ್ಕ ಆ ಹೊಸ ಕೋಸ್ಟರಿನ ಫೋಟೋನೇ ಇದ್ದಿದ್ದು. ಬೇರೆ ಯಾವ ರೈಡಿಂದೂ ಅಲ್ಲ, ಅದರದ್ದೇ.

ಬೆಳಿಗ್ಗೆ ಗೇಟ್ ತೆಗೆಯೋ ಮುಂಚೆ ಹೋಗಿ ನಿಂತಿದ್ವಿ. ಗೇಟಲ್ಲೂ ಅದೇ ಕೋಸ್ಟರಿನ ದೊಡ್ಡ ಕಟೌಟು, ಕೈಗೆ ಕಟ್ಟೋ ಬ್ಯಾಂಡಲ್ಲೂ ಅದೇ ಚಿತ್ರ. ಬ್ಯಾಂಡ್ ಕಟ್ಟಿದ ಹುಡುಗಿ ನಗ್ತಾ "ಎಂಜಾಯ್ ಮಾಡಿ ಸರ್" ಅಂದ್ಲು, ರೈಡ್ ನಿಂತಿದೆ ಅಂತ ಒಂದು ಮಾತು ಹೇಳಲಿಲ್ಲ. ಒಂದೇ ಒಂದು ಮಾತು. ಆಗಲೇ ಹೇಳಿದ್ರೆ ಫಾಸ್ಟ್ ಟ್ರ್ಯಾಕ್ ಬೇಡ ವಾಪಸ್ ತಗೊಳ್ಳಿ ಅಂತಿದ್ವಿ, ಅದಕ್ಕೇ ಹೇಳಲಿಲ್ಲ.

ಸೀದಾ ಅಲ್ಲಿಗೇ ಹೋದ್ವಿ. ಮಕ್ಕಳು ಓಡ್ತಿದ್ರು, ನಾನು ಹಿಂದೆ. ಕ್ಯೂ ಬಾಗಿಲಿಗೆ ಅಡ್ಡ ಚೈನು, ಅದಕ್ಕೊಂದು ಪುಟ್ಟ ಬೋರ್ಡು, "ತಾಂತ್ರಿಕ ಕಾರಣದಿಂದ ತಾತ್ಕಾಲಿಕವಾಗಿ ಸ್ಥಗಿತ". ಅಲ್ಲಿ ನಿಂತಿದ್ದ ಹುಡುಗ "ಇವತ್ತು ಬೆಳಿಗ್ಗೆ ಟೆಸ್ಟಿಂಗಲ್ಲಿ ಸ್ವಲ್ಪ ಪ್ರಾಬ್ಲಮ್ ಬಂತು ಸರ್, ಮಧ್ಯಾಹ್ನದ ಮೇಲೆ ಬನ್ನಿ" ಅಂದ. ಸರಿ ಅಂದ್ಕೊಂಡೆ, ಕೋಸ್ಟರ್ ಅಂದ್ಮೇಲೆ ಇದೆಲ್ಲಾ ಇದ್ದಿದ್ದೇ. ಒಂದು ಸೆನ್ಸರ್ ಸಿಗ್ನಲ್ ಕೊಡ್ಲಿಲ್ಲ ಅಂದ್ರೂ ನಿಲ್ಲಿಸಲೇಬೇಕು, ಮಳೆ ಗಾಳಿಗೂ ನಿಲ್ಲಿಸ್ತಾರೆ, ನಿಲ್ಲಿಸೋದೇ ಸರಿ. ಅಕ್ಕನ ಮಗಳಿಗೆ ನಾನೇ ಸಮಾಧಾನ ಮಾಡಿ ವಾಟರ್ ರೈಡುಗಳ ಕಡೆ ಕರ್ಕೊಂಡು ಹೋದೆ.

ಮಧ್ಯಾಹ್ನ ಬಂದ್ರೆ ಅದೇ ಚೈನು, ಅದೇ ಮಾತು, "ಸಂಜೆ ನಾಲ್ಕರ ಮೇಲೆ ಸರ್". ಆಗ ಹುಡುಗ ಯಾರ ಜೊತೆನೋ ಮಾತಾಡ್ತಿದ್ದ, ನಾನು ಬೇಲಿ ಪಕ್ಕ ಬಗ್ಗಿ ಹಳಿ ನೋಡಿದೆ. ದಿನಾ ಓಡೋ ಕೋಸ್ಟರಿನ ಹಳಿ ಮೇಲೆ ಚಕ್ರ ಉರುಳೋ ಜಾಗದಲ್ಲಿ ಬಣ್ಣ ಹೋಗಿ ಕಬ್ಬಿಣ ನುಣ್ಣಗೆ ಹೊಳೀತಿರುತ್ತೆ, ರಾತ್ರಿ ಇಬ್ಬನಿಗೆ ತೆಳ್ಳಗೆ ತುಕ್ಕು ಹಿಡಿದ್ರೂ ಬೆಳಿಗ್ಗೆ ಖಾಲಿ ಟ್ರೈನ್ ಓಡಿಸಿದ ತಕ್ಷಣ ಹೋಗ್ಬಿಡುತ್ತೆ. ಇಲ್ಲಿ ಆ ಪಟ್ಟಿ ಪೂರ್ತಿ ಕಂದು ಬಣ್ಣ. ಸ್ಟೇಷನ್ನಲ್ಲಿ ನಿಂತಿದ್ದ ಟ್ರೈನಿಗೆ ನೀಲಿ ಟಾರ್ಪಾಲ್ ಹೊದಿಸಿ ಹಗ್ಗ ಬಿಗಿದಿದ್ರು, ಟಾರ್ಪಾಲ್ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಬೆಳ್ಳಗಾಗಿತ್ತು, ಮುಂದಿನ ಚಕ್ರಕ್ಕೂ ಹಳಿಗೂ ನಡುವೆ ಜೇಡರ ಬಲೆ. ಜೇಡರ ಬಲೆ ಸ್ವಾಮಿ! ಇವತ್ತು ಬೆಳಿಗ್ಗೆ ಟೆಸ್ಟಿಂಗ್ ಮಾಡಿದ ಚಕ್ರದಲ್ಲಿ ಜೇಡ ಯಾವಾಗ ಬಂದು ಬಲೆ ಕಟ್ತು?

ಪಕ್ಕದಲ್ಲಿ ಜ್ಯೂಸ್ ಅಂಗಡಿ ಇತ್ತು, ಅಲ್ಲಿದ್ದೋರನ್ನ ಕೇಳಿದೆ, ಇದು ಯಾವಾಗಿಂದ ಹೀಗಿದೆ ಅಂತ. "ಅದಾ ಸರ್, ಹೋದ ತಿಂಗಳಿಂದ ನಿಂತಿದೆ, ಪಾರ್ಟ್ ಫಾರಿನ್ನಿಂದ ಬರಬೇಕಂತೆ" ಅಂದ್ರು ಪಾಪ, ಅವರಿಗೇನು ಸುಳ್ಳು ಹೇಳೋ ಅಗತ್ಯ. ಆ ಕ್ಷಣ ನನಗೆ ಕಿವಿ ಬಿಸಿ ಆಗೋಯ್ತು. ಹೋದ ತಿಂಗಳಿಂದ. ಅಂದ್ರೆ ನಾನು ಬುಕ್ ಮಾಡಿದಾಗಲೂ ನಿಂತಿತ್ತು, ಬ್ಯಾಂಡ್ ಕಟ್ಟಿದಾಗಲೂ ನಿಂತಿತ್ತು, ಮಧ್ಯಾಹ್ನ ಬನ್ನಿ ಸಂಜೆ ಬನ್ನಿ ಅಂದಾಗಲೂ ನಿಂತೇ ಇತ್ತು. ಮೂಗಿಗೆ ತುಪ್ಪ ಸವರಿ ಇಡೀ ದಿನ ಅಲೆಸಿದ್ದಾರೆ. ಪಕ್ಕಕ್ಕೆ ತಿರುಗಿದ್ರೆ ಅಕ್ಕನ ಮಗಳು ಎಲ್ಲಾ ಕೇಳಿಸ್ಕೊಂಡು ನಿಂತಿದ್ಲು, ಅಳಲಿಲ್ಲ, "ಹಾಗಾದ್ರೆ ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ ಮಾಮ" ಅಂತಷ್ಟೇ ಕೇಳಿದ್ಲು. ಭಾವ ಏನೂ ಅನ್ನಲಿಲ್ಲ, ಒಳ್ಳೆ ಮನುಷ್ಯ, ಆದ್ರೆ ಅಷ್ಟು ದುಡ್ಡು ಹಾಕ್ಸಿದ್ದು ನನ್ನ ಮಾತು ನಂಬಿ ತಾನೇ, ಅವರ ಮುಖ ನೋಡೋಕೆ ನಾಚಿಕೆ ಆಯ್ತು.

ಗೆಸ್ಟ್ ರಿಲೇಷನ್ಸ್ ಆಫೀಸಿಗೆ ಹೋದೆ. ಅಲ್ಲಿ ಕೊಟ್ಟ ಉತ್ತರಗಳನ್ನ ಹಾಗ್ಹಾಗೇ ಬರೀತೀನಿ.

ಮೊದಲು, "ಸರ್ ರೈಡ್ ಲಭ್ಯತೆ ಬದಲಾಗಬಹುದು ಅಂತ ಟಿಕೆಟ್ ಹಿಂದೆ ಷರತ್ತಲ್ಲಿ ಇದೆ". ಬದಲಾಗೋದು ಬೇರೆ ಮೇಡಂ, ಇದು ಆಗಲೇ ನಿಂತೋಗಿತ್ತಲ್ಲ ಅಂದೆ. "ಅದು ಟೆಕ್ನಿಕಲ್ ಟೀಮಿಗೆ ಗೊತ್ತು ಸರ್, ನಮಗೆ ಅಪ್‌ಡೇಟ್ ಇರಲ್ಲ". ಅಪ್‌ಡೇಟ್ ಇಲ್ಲ ಅಂದ್ಮೇಲೆ ಮಧ್ಯಾಹ್ನ ಬನ್ನಿ ಅಂತ ಟೈಮ್ ಯಾರು ಕೊಟ್ರು? ಅದಕ್ಕೆ ಉತ್ತರ ಇಲ್ಲ. "ಬೇರೆ ಎಲ್ಲಾ ರೈಡಲ್ಲೂ ಫಾಸ್ಟ್ ಟ್ರ್ಯಾಕ್ ಯೂಸ್ ಮಾಡಿದ್ದೀರಲ್ಲ ಸರ್". ಬೇರೆ ರೈಡಿಗೆ ಆವತ್ತು ಕ್ಯೂನೇ ಇರಲಿಲ್ಲ, ಎಲ್ಲಾ ಜನ ನೀರಲ್ಲಿದ್ರು! ಆಮೇಲೆ ಮ್ಯಾನೇಜರ್ ಬಂದ್ರು. ಅವರ ಮಾತಂತೂ, "ಸರ್, ನಿಮ್ಮ ಮಕ್ಕಳ ಸೇಫ್ಟಿ ನಮಗೆ ಮುಖ್ಯ, ಸೇಫ್ಟಿ ವಿಷಯದಲ್ಲಿ ನಾವು ರಾಜಿ ಆಗಲ್ಲ, ನೀವೂ ಅರ್ಥ ಮಾಡ್ಕೋಬೇಕು".

ಇದೇ ನೋಡಿ ನನಗೆ ತಡ್ಕೊಳೋಕಾಗದೇ ಇದ್ದಿದ್ದು. ಸೇಫ್ಟಿ ಬಗ್ಗೆ ನನಗೆ ಪಾಠ ಮಾಡ್ತೀರಾ? 2019ರಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಪೆಂಡುಲಮ್ ರೈಡ್ ಮುರಿದು ಬಿದ್ದು ಜನ ಸತ್ತ ವಿಡಿಯೋ ನೋಡಿ ಎಷ್ಟೋ ದಿನ ನಿದ್ದೆ ಬಂದಿರಲಿಲ್ಲ ನನಗೆ. ಬೋಲ್ಟ್ ಸರಿ ಇಲ್ಲ ಅಂದ್ರೆ ವರ್ಷ ಪೂರ್ತಿ ನಿಲ್ಲಿಸಿ, ನಾನೇ ಚಪ್ಪಾಳೆ ತಟ್ತೀನಿ. ರೈಡ್ ನಿಲ್ಲಿಸಿದ್ದಕ್ಕೆ ಯಾರೂ ಜಗಳ ಆಡ್ತಿಲ್ಲ. ನಿಲ್ಲಿಸಿದ್ದನ್ನ ಮುಚ್ಚಿಟ್ಟು ಅದರ ಫೋಟೋ ತೋರಿಸಿ ದುಡ್ಡು ತಗೊಂಡಿದ್ದೀರಲ್ಲ, ಅದಕ್ಕೆ. ಹೋಟ್ಲಲ್ಲಿ ಮಸಾಲೆದೋಸೆ ಬಿಲ್ ಮಾಡಿ, ಹಿಟ್ಟೇ ರುಬ್ಬಿಲ್ಲ ಅಂತ ಕೌಂಟರಲ್ಲಿ ಗೊತ್ತಿದ್ರೂ ಕೂರಿಸಿ, ಒಂದು ಗಂಟೆ ಆದ್ಮೇಲೆ ನಿಮ್ಮ ಆರೋಗ್ಯಕ್ಕೆ ಒಳ್ಳೇದು ಅಂದ್ರೆ ಹೇಗಿರುತ್ತೆ? ಡಿಸ್ನಿಲ್ಯಾಂಡ್ ಪ್ಯಾರಿಸ್‌ನೋರು ಯಾವ ರೈಡ್ ಯಾವ ದಿನಗಳಲ್ಲಿ ರಿಪೇರಿಗೆ ಮುಚ್ಚಿರುತ್ತೆ ಅಂತ ಮುಂಚೆನೇ ವೆಬ್‌ಸೈಟಲ್ಲಿ ಹಾಕ್ತಾರೆ, ಜನ ನೋಡ್ಕೊಂಡು ಬುಕ್ ಮಾಡ್ತಾರೆ. ಇವರಿಗೆ ಗೇಟಲ್ಲಿ ಒಂದು ಎ4 ಹಾಳೆ ಅಂಟಿಸೋಕೆ ಆಗಲ್ಲ.

ಕೊನೆಗೆ ಏನು ಕೊಟ್ರು ಗೊತ್ತಾ, ಫುಡ್ ಕೂಪನ್. ಐಸ್‌ಕ್ರೀಮ್ ಕೂಪನ್, ಅದೂ ಆವತ್ತೇ ಬಳಸಬೇಕಂತೆ. ಟೇಬಲ್ ಮೇಲೇ ಬಿಟ್ಟು ಬಂದೆ. ಮನೆಗೆ ಬಂದು ಫೋಟೋಗಳ ಜೊತೆ ಇಮೇಲ್ ಹಾಕಿದ್ರೆ "ಪ್ರಿಯ ಅತಿಥಿ, ತೊಂದರೆಗೆ ವಿಷಾದಿಸುತ್ತೇವೆ, ನಿಮ್ಮ ಅಮೂಲ್ಯ ಅಭಿಪ್ರಾಯವನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ, ಮತ್ತೆ ಭೇಟಿ ಕೊಡಿ". ನಾನು ಕೇಳಿದ್ದು ಒಂದೇ ಪ್ರಶ್ನೆ, ರೈಡ್ ಯಾವ ತಾರೀಖಿಂದ ನಿಂತಿದೆ. ಮತ್ತೆ ಕೇಳಿದೆ, ಮತ್ತೆ ಅದೇ ಪ್ರಿಯ ಅತಿಥಿ. ವಾಟ್ಸಾಪ್ ನಂಬರಿಗೆ ಜೇಡರ ಬಲೆ ಫೋಟೋ ಕಳಿಸಿದ್ರೆ ಅಂಗೈ ಜೋಡಿಸಿದ ಎಮೋಜಿ ಬಂತು. ಇದೆಲ್ಲಾ ನಡೀತಿರೋವಾಗಲೂ ಅವರ ಇನ್‌ಸ್ಟಾದಲ್ಲಿ ಅದೇ ಕೋಸ್ಟರ್ ರೀಲ್ಸ್, "ಈ ವೀಕೆಂಡ್ ಧೈರ್ಯ ಇದ್ಯಾ?" ಅಂತ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೀನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತು ಅಂದ್ರೆ ಏನು ಅಂತ ಬರೆದಿದ್ದಾರೆ, ಮುಖ್ಯವಾದ ವಿಷಯ ಬೇಕಂತ ಮುಚ್ಚಿಡೋದೂ ಅದರಲ್ಲೇ ಬರುತ್ತೆ. ಮೊದಲೊಂದು ರೇಟ್ ತೋರಿಸಿ ಕೊನೆಗೆ ಫೀ ಸೇರಿಸೋದನ್ನೂ 2023ರ ನವೆಂಬರಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಆನ್‌ಲೈನಲ್ಲಿ ಗ್ರಾಹಕರನ್ನ ಯಾಮಾರಿಸೋ ತಂತ್ರಗಳು) ಮಾರ್ಗಸೂಚಿಯಲ್ಲಿ ತಪ್ಪು ಅಂತ ಸೇರಿಸಿದ್ದಾರೆ. ಉತ್ತರ ಬರಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ, 5 ಲಕ್ಷದ ಒಳಗಿನ ಕೇಸಿಗೆ ಫೀಸೂ ಇಲ್ಲ.

ನೀವು ಹೋಗೋದಿದ್ರೆ ಫಾಸ್ಟ್ ಟ್ರ್ಯಾಕ್ ಆನ್‌ಲೈನಲ್ಲಿ ಮುಂಚೆನೇ ತಗೋಬೇಡಿ. ಎಂಟ್ರಿ ಮಾತ್ರ ತಗೊಂಡು ಒಳಗೆ ಹೋಗಿ, ನೀವು ಹತ್ತಬೇಕು ಅಂತಿರೋ ರೈಡ್ ಕಣ್ಣೆದುರು ಓಡ್ತಿರೋದು ನೋಡಿ, ಆಮೇಲೆ ಬೇಕಂದ್ರೆ ಕೌಂಟರಲ್ಲಿ ತಗೊಳ್ಳಿ. ಹಿಂದಿನ ದಿನ ಫೋನ್ ಮಾಡಿ "ಈ ರೈಡ್ ಇವತ್ತು ಓಡ್ತಾ" ಅಂತ ಕೇಳಿ, ನಾಳೆ ಓಡುತ್ತಾ ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. ಗೂಗಲ್ ರಿವ್ಯೂಲಿ ಸ್ಟಾರ್ ನೋಡಬೇಡಿ, ಹೊಸ ರಿವ್ಯೂ ಮೊದಲು ಬರೋ ಹಾಗೆ ಹಾಕ್ಕೊಂಡು ಆ ರೈಡ್ ಹೆಸರು ಹುಡುಕಿ. ಬುಕಿಂಗ್ ಪೇಜಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ನನ್ನ ಹತ್ರ ಅದಿರೋದ್ರಿಂದಲೇ ಇಷ್ಟು ಮಾತಾಡ್ತಿದ್ದೀನಿ, ಈಗ ಆ ಪೇಜಲ್ಲಿ ಕೋಸ್ಟರ್ ಫೋಟೋ ತೆಗೆದು ವೇವ್ ಪೂಲ್ ಫೋಟೋ ಹಾಕಿದ್ದಾರೆ.

ಇದೇ ಥರ ನಿಂತ ರೈಡಿಗೆ ದುಡ್ಡು ಕಟ್ಟಿ ಬಂದಿರೋರು ಇನ್ನೂ ತುಂಬಾ ಜನ ಇರ್ತಾರೆ, ಆವತ್ತು ಆಫೀಸ್ ಮುಂದೆನೇ ನನ್ನ ಹಿಂದೆ ದಾವಣಗೆರೆಯಿಂದ ಬಂದಿದ್ದ ಒಂದು ಫ್ಯಾಮಿಲಿ ನಿಂತಿತ್ತು, ಅವರಿಗೂ ಅದೇ ಐಸ್‌ಕ್ರೀಮ್ ಕೂಪನ್ ಕೊಟ್ಟು ಕಳಿಸಿದ್ರು, ನಂಬರ್ ಇಸ್ಕೊಳೋ ಅಷ್ಟರಲ್ಲಿ ಹೊರಟೋದ್ರು. ಬಿಲ್ಲು, ಬ್ಯಾಂಡು ಎಸೀಬೇಡಿ. ಒಂದೇ ಥರ ಅನ್ಯಾಯ ಆದೋರು ಒಟ್ಟಿಗೆ ಸೇರಿ ಒಂದೇ ದೂರು ಕೊಡೋಕೆ ಆಯೋಗದಲ್ಲಿ ಅವಕಾಶ ಇದೆ, ಅವರು ಇದನ್ನ ಓದ್ತಿದ್ರೆ ದಯವಿಟ್ಟು ನನಗೆ ಮೆಸೇಜ್ ಮಾಡ್ಲಿ.